ನಾಲ್ಕು ಕುರಿಮರಿ, ಒಬ್ಬ ಕಲಾರಸಿಕ

ಸಿನಿಮಾದಲ್ಲಿ ನಟನೆಯನ್ನು ಸವಿಯುವುದು ಹೇಗೆಂದು ಜಗತ್ತಿಗೆ ತಿಳಿಸಿಕೊಡಲೆಂದೇ ನಾನು ಹುಟ್ಟಿದ್ದೇನೆ. ಜಗತ್ತಿಗೆ ಪುರುಸೊತ್ತಿಲ್ಲದ ಕಾರಣ ಅಲಖನೂರಿನ ಮಾವನವರಿಂದ ಶುರು ಮಾಡಿದೆ.

ಮಾವ ಭೀಮಪ್ಪನವರು ಕುರಿ ಸಾಕುವವರು. ಅವರ ಬಾಯಲ್ಲಿ 'ಶಾಣ್ಯಾ', ಅಂದರೆ ಜಾಣ, ಅನ್ನುವುದು ದೊಡ್ಡ ಬಿರುದು. ಅದನ್ನು ಟಗರಿಗೆ ಕೊಟ್ಟಿದ್ದಾರೆ, ನಾಯಿಗೆ ಕೊಟ್ಟಿದ್ದಾರೆ. ಮದುವೆಯಾಗಿ ಹನ್ನೊಂದು ವರ್ಷವಾದರೂ ನನಗೆ ಕೊಟ್ಟಿಲ್ಲ! ಈ ಸಲ ಪಡೆದೇ ತೀರಬೇಕೆಂದು ಒಂದು ಹಳೆಯ ವಿದೇಶಿ ಸಿನಿಮಾವನ್ನು ಪೆನ್‌ಡ್ರೈವಿನಲ್ಲಿ ತುಂಬಿಕೊಂಡು ಹೋದೆ. ಹಿಮದ ಬೆಟ್ಟದಲ್ಲಿ ತಪ್ಪಿಸಿಕೊಂಡ ಕುರಿಮರಿಯನ್ನು ಹುಡುಕಿಕೊಂಡು ಅಪ್ಪ, ಅವ್ವ, ಮಕ್ಕಳು ಹೊರಡುವ ಸಾಹಸದ ಕಥೆ. ಕಡೆಯ ದೃಶ್ಯದಲ್ಲಿ ರಸಿಕನಾದವನು ಅಳಲೇಬೇಕು. ನನಗೆ ಅಳು ಬರದಿದ್ದರೆ? ಮುನ್ನೆಚ್ಚರಿಕೆಯಾಗಿ ಕರವಸ್ತ್ರಕ್ಕೆ ತಲೆನೋವಿನ ಬಾಮ್ ಸವರಿಟ್ಟುಕೊಂಡೆ.

"ಬ್ಯಾಡ್ರಿ," ಎಂದಳು ಹೆಂಡತಿ ಶೋಭಾ.

"ಕಲಾ ಅಂದ್ರ ನಿನಗ ತಿಳಿಯೂದಿಲ್ಲ," ಎಂದೆ.

ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಟಿವಿ ಹಚ್ಚಿದೆ. "ಮಾವಾರ, ಆ ಅಪ್ಪನ ಕಣ್ಣ ನೋಡ್ರಿ. ಮಾತ ಇಲ್ಲದ ನಟನಾ!"

ಮಾವ ಅಪ್ಪನನ್ನು ನೋಡಲೇ ಇಲ್ಲ. "ಮರಿ ಚಲೋ ಐತಿ," ಎಂದರು.

ಸರಿ, ಮರಿಯಿಂದಲೇ ದಾರಿ ಮಾಡಿಕೊಳ್ಳೋಣ! "ಹೌದ್ರಿ! ಇಡೀ ಸಿನಿಮಾ ಅದೊಂದ ಮರಿ ಮ್ಯಾಲ ನಡದೈತಿ. ಮೊದಲಿಂದ ಕಡೀತನಾ ಮುಖದಾಗ ಒಂದ ಭಾವ!"

ಮಾವ ಮುಂದಕ್ಕೆ ಬಾಗಿದರು. "ನಿಂದ್ರಸ್ರಿ. ಇದು ಆ ಮರಿ ಅಲ್ಲ."

"ಅದ ಮರೀನ ಐತ್ರಿ."

"ಅಲ್ರಿ. ಅದು ಹೆಣ್ಣ. ಇದು ಗಂಡ."

ಸಾಹಸ ಅಲ್ಲಿಗೇ ನಿಂತಿತು. ಹಿಂದಕ್ಕೆ ಓಡಿಸಿ, ಮುಂದಕ್ಕೆ ಓಡಿಸಿ ಎಣಿಸಿದೆವು. ಹೊಳೆ ದಾಟಿದ್ದು ಬೇರೆ ಮರಿ, ಹಿಮದಲ್ಲಿ ಬಿದ್ದದ್ದು ಬೇರೆ. ಒಟ್ಟು ನಾಲ್ಕು! "ಅಯ್ಯ, ಹಂಗಾರ ಮೊದಲನೇದ ಎಲ್ಲಿ ಹೋತು?" ಎಂದು ಅತ್ತೆ ಕಳವಳಪಟ್ಟರು. ಸಿನಿಮಾದ ಕುಟುಂಬಕ್ಕಿಂತ ನಮ್ಮ ಕುಟುಂಬವೇ ಹೆಚ್ಚು ಹುಡುಕಿತು.

ಕಡೆಗೂ ಕಡೆಯ ದೃಶ್ಯ ಬಂತು. ಅಪ್ಪ ಮರಿಯನ್ನು ಎದೆಗೆ ಅವಚಿಕೊಂಡ. ನಾನು ಕರವಸ್ತ್ರವನ್ನು ಕಣ್ಣಿಗೆ ಒತ್ತಿಕೊಂಡೆ. ಶಿವನೇ! ಕಣ್ಣೊಳಗೆ ಒಲೆ ಹೊತ್ತಿತು! ಎದ್ದೆ, ಟೀಪಾಯಿ ಎಡವಿದೆ, ಬಾಗಿಲೆಂದು ತಿಳಿದು ಕಪಾಟು ತೆರೆದೆ!

ಮಾವ ನನ್ನ ಕೈ ಹಿಡಿದು ಬಚ್ಚಲಿಗೆ ಒಯ್ದು ಮುಖಕ್ಕೆ ನೀರು ಹೊಡೆದರು. ಆಮೇಲೆ ಕರವಸ್ತ್ರ ಮೂಸಿದರು.

"ನಾಕೂ ಮರಿ ಬಾಮ್ ಇಲ್ಲದ ಆ್ಯಕ್ಟಿಂಗ್ ಮಾಡ್ಯಾವ ನೋಡ್ರಿ," ಎಂದು ನಕ್ಕರು. "ನಮ್ಮ ಅಳ್ಯಾರು ಭಾಳ ಶಾಣ್ಯಾರದಾರ!"

ಬಂತು! ಹನ್ನೊಂದು ವರ್ಷದ ತಪಸ್ಸು ಫಲಿಸಿತು! ರಾಯಬಾಗ ಬರುವ ತನಕ ಬಸ್ಸಿನಲ್ಲಿ ಬೀಗುತ್ತಾ ಕೂತಿದ್ದೆ. ಇಳಿಯುವಾಗ ಶೋಭಾ ಮೆಲ್ಲಗೆ ಕೇಳಿದಳು.

"ರೀ, ಅಪ್ಪ ಟಗರಿಗೆ ಯಾವಾಗರ 'ಭಾಳ ಶಾಣ್ಯಾ' ಅಂದಾನೇನ್ರಿ? ಬರೇ ಶಾಣ್ಯಾ ಅಂತಾನ. ಬರೇ ಶಾಣ್ಯಾ ಅಂದ್ರ ಜಾಣ. ಭಾಳ ಶಾಣ್ಯಾ ಅಂದ್ರ ಅದರ ಉಲ್ಟಾ."

ನನ್ನ ಕಣ್ಣು ಮತ್ತೆ ಉರಿಯಿತು. ಈ ಸಲ ಬಾಮ್ ಬೇಕಾಗಲಿಲ್ಲ.