ಕಾಕಾ ಕೆರೆ ನೋಡಲು ಹೊರಟದ್ದು

ನಮ್ಮ ಕಾಕಾ ಪುಣೆಗೆ ಬಂದು ಮೂವತ್ತೈದು ವರ್ಷವಾದರೂ ಮಹಾರಾಷ್ಟ್ರವನ್ನು ಇನ್ನೂ ನೋಡಿಲ್ಲ ಎಂದರೆ ನೀವು ನಂಬಲಿಕ್ಕಿಲ್ಲ. ಹಾಗಂತ ಮನೆಯಲ್ಲಿ ಕೂತ ಮನುಷ್ಯನೂ ಅಲ್ಲ. ರಾಂಜಣಗಾಂವದ ಗಣಪತಿಗೆ ಹೋಗಿದ್ದ. ಸರದಿಯಲ್ಲಿ ಮುಂದೆ ನಾಲ್ಕೇ ಜನ ಉಳಿದಾಗ, ಹೂವು ಮಾರುವವಳು ಇಂಡಿ ತಾಲೂಕಿನವಳೆಂದು ಗೊತ್ತಾಗಿ, ಸರದಿ ಬಿಟ್ಟು ಅವಳ ಬುಟ್ಟಿಯ ಪಕ್ಕ ಕೂತ. ಗಣಪತಿ ಇವತ್ತಿಗೂ ಕಾಯುತ್ತಿದ್ದಾನೆ. ಬಾರಾಮತಿಗೆ ಮದುವೆಗೆ ಹೋಗಿದ್ದ. ಅಡಿಗೆಯವರು ಜಮಖಂಡಿ ಕಡೆಯವರೆಂದು ತಿಳಿದು, ಅಕ್ಷತೆ ಬೀಳುವ ಹೊತ್ತಿಗೆ ಒಲೆಯ ಮುಂದಿದ್ದ. ಮದುಮಗನ ಹೆಸರು ಇನ್ನೂ ಅವನಿಗೆ ಗೊತ್ತಿಲ್ಲ. ಅಡಿಗೆಯವನ ಅಜ್ಜನ ಹೆಸರು ಕೇಳಿ, ಥಟ್ಟನೆ ಹೇಳುತ್ತಾನೆ!

ಇದೇ ಅವನ ರೋಗ. ಮರಾಠಿ ನಾಡಿನಲ್ಲಿ ಕನ್ನಡದವರ ಸುಳಿವು ಸಿಕ್ಕರೆ ಕಾಲು ಮುಂದೆ ಹೋಗುವುದಿಲ್ಲ. ಮಾತು ಕಿವಿಗೆ ಬೀಳಬೇಕೆಂದೂ ಇಲ್ಲ. ಪಟಗಾ ಸುತ್ತಿದ ರೀತಿ, ಇಳಕಲ್ಲ ಸೀರೆಯ ಒಂದು ಅಂಚು ಸಾಕು. ವಿಚಾರಣೆ ಶುರು. ಯಾವ ಊರು, ಅಡ್ಡಹೆಸರೇನು, ಯಾರ ಪೈಕಿ? ಮೂರನೆಯ ಪ್ರಶ್ನೆಗೆ ಸಂಬಂಧ ಹೊರಬೀಳಲೇಬೇಕು. ಬೀಳದಿದ್ದರೆ ನಾಲ್ಕು ತಲೆಮಾರು ಅಗೆದು ಹೊರಗೆ ತೆಗೆಯುತ್ತಾನೆ. ಆ ಲೆಕ್ಕದಲ್ಲಿ ಭೀಮಾ ನದಿಯ ಈಚೆಗೆ ನಮಗೆ ಸಂಬಂಧವಿಲ್ಲದ ಕನ್ನಡಿಗ ಇನ್ನೂ ಹುಟ್ಟಿಲ್ಲ.

ಇಷ್ಟಕ್ಕೇ ನಿಂತಿದ್ದರೆ ನಾನು ಈ ಪ್ರಬಂಧ ಬರೆಯುತ್ತಿರಲಿಲ್ಲ. ಆದರೆ ಕಾಕಾನಿಗೆ ಒಬ್ಬಳು ಹೆಂಡತಿ ಇದ್ದಾಳೆ.

ನಮ್ಮ ಕಾಕು ಮದುವೆಯಾಗಿ ಖಡಕಿಯ ಎರಡು ಖೋಲಿಯ ಮನೆಗೆ ಬಂದಾಗ, ಪಕ್ಕದ ಮನೆಯವಳು ಲೋಣಾವಳಾದ ಕೆರೆಯ ಬಗ್ಗೆ ಹೇಳಿದ್ದಳಂತೆ: ಸುತ್ತ ಗುಡ್ಡ, ನಡುವೆ ನೀರು, ನೀರಿನ ಮೇಲೆ ಮೋಡ ಇಳಿದು ಕೂತಿರುತ್ತದೆ ಎಂದು. ಕಾಕುಗೆ ಅದನ್ನು ನೋಡಬೇಕೆನ್ನಿಸಿತು. ರೈಲಿನಲ್ಲಿ ಎರಡು ತಾಸಿನ ದಾರಿ. ಎರಡು ಸಲ ಹೊರಟದ್ದೂ ಆಯಿತು. ಮೊದಲ ಸಲ ಖಡಕಿ ಸ್ಟೇಷನ್ನಿನಲ್ಲೇ ಒಬ್ಬ ಮುದ್ದೇಬಿಹಾಳದ ಹಮಾಲ ಸಿಕ್ಕ, ರೈಲು ಹೋಯಿತು. ಎರಡನೆಯ ಸಲ ತಳೇಗಾಂವದಲ್ಲಿ ಯಾರದೋ ಜೊತೆ ಇಳಿದು, ಅವರ ಮನೆಯಲ್ಲಿ ಊಟ ಮಾಡಿ, ತೊಟ್ಟಿಲಲ್ಲಿದ್ದ ಕೂಸಿಗೆ ಹೆಸರನ್ನೂ ಇಟ್ಟು ಬಂದರು.

ಈಗ ಕಾಕಾ ಕಾರ್ಖಾನೆಯಿಂದ ನಿವೃತ್ತನಾದ. ಬಿಜಾಪುರದಲ್ಲಿ ಮನೆ ಗೊತ್ತಾಯಿತು. ಗುರುವಾರ ಲಾರಿ ಬರುವುದಿತ್ತು. ಅದಕ್ಕೆ ಮೊದಲಿನ ರವಿವಾರ ನಾನು ಅವರಲ್ಲಿಗೆ ಹೋದಾಗ, ಕಾಕು ಪಾತ್ರೆ ಭಾಂಡಿಗಳನ್ನು ಗೋಣಿಚೀಲಕ್ಕೆ ತುಂಬುತ್ತ, ನನ್ನ ಕಡೆ ನೋಡದೆ ಅಂದಳು:

"ಎಲ್ಲಾ ಕಟ್ಟಿದ್ದಾತು. ಆ ಕೆರಿ ಒಂದ ನೋಡೂದ ಉಳೀತ ನೋಡು."

ಮರುಮಾತಿಲ್ಲದೆ "ನಾಳೆ ಹೋಗೋಣ" ಎಂದುಬಿಟ್ಟೆ. ರಾತ್ರಿಯೆಲ್ಲ ನಿದ್ದೆ ಬರಲಿಲ್ಲ. ನಾನು ಹುಟ್ಟಾ ಚಿಂತೆಯ ಮನುಷ್ಯ. ಚಿಂತೆಗೆ ಕಾರಣವಿಲ್ಲದ ದಿನ, ಏನೋ ಮರೆತಿದ್ದೇನೆಂದು ಚಿಂತೆಯಾಗುತ್ತದೆ. ಛತ್ರಿ, ಬ್ಯಾಟರಿ, ಎಲ್ಲರ ಗುಳಿಗೆ, ವಾಪಸು ಬರುವ ಲೋಕಲ್ಲಿನ ವೇಳೆ ಬರೆದ ಎರಡು ಚೀಟಿ ಇಟ್ಟುಕೊಂಡೆ. ಒಂದು ಕಳೆದರೆ? ಬೆಳಿಗ್ಗೆ ಹೆಂಡತಿಯನ್ನೂ ಕರೆದುಕೊಂಡು ಸ್ಟೇಷನ್ನಿಗೆ ಬಂದು, ಕಾಕಾನನ್ನು ಎದುರಿಗೆ ನಿಲ್ಲಿಸಿಕೊಂಡು ಹೇಳಿದೆ:

"ಕಾಕಾ, ಇವತ್ತ ಯಾರನ್ನೂ ಮಾತಾಡಸಬ್ಯಾಡ."

"ನಾ ಎಲ್ಲಿ ಮಾತಾಡಸ್ತೀನೋ ತಮ್ಮಾ? ಅವರ ಮಾರಿ ನನ್ನ ಮಾತಾಡಸ್ತಾವ."

ಅವನನ್ನು ಕಿಟಕಿಗೆ ಕೂಡಿಸಿ, ಪಕ್ಕದಲ್ಲಿ ನಾನು ಕೂತು, ಕೈಗೆ ಮರಾಠಿ ಪೇಪರು ಕೊಟ್ಟೆ. ಚಿಂಚವಡದ ತನಕ ಓದಿದ. ಆಮೇಲೆ ಮೂಗು ಮೇಲಕ್ಕೆತ್ತಿದ.

"ಶೇಂಗಾ ಹಿಂಡಿ."

"ಯಾರೋ ಮರಾಠಿಯವರು ಕಾಕಾ. ಅವರೂ ಶೇಂಗಾ ಚಟ್ನಿ ತಿಂತಾರ."

"ಬೆಳ್ಳೊಳ್ಳಿ ಹಾಕಿ ಒಳ್ಳಾಗ ಕುಟ್ಟಿದ್ದದು. ಕಲಬುರ್ಗಿ ಕಡೀದು."

ನನ್ನ ಮೊಣಕಾಲನ್ನು ದಾಟಿ ಹೋಗಿಯೇಬಿಟ್ಟ! ಅಫಜಲಪುರದ ಗಂಡಹೆಂಡತಿ, ಕಟ್ಟಡದ ಕೆಲಸಕ್ಕೆ ಹೊರಟವರು. ಲೋಣಾವಳಾ ಬಂದಾಗ ನಾನು ಅವನ ತೋಳು ಹಿಡಿದು ಇಳಿಸಿದೆ. ನಮ್ಮ ಊಟದ ಗಂಟು ಇಳಿಯಲಿಲ್ಲ. ಅವರಲ್ಲಿ ಎರಡೇ ರೊಟ್ಟಿ ಇದ್ದವೆಂದು ಕಾಕಾ ನಮ್ಮ ಗಂಟನ್ನು ಕೊಟ್ಟುಬಿಟ್ಟಿದ್ದ.

"ನಿಮ್ಮ ವ್ಯವಸ್ಥಾ ಭಾಳ ಛಂದ ಅದ ನೋಡ್ರಿ," ಎಂದಳು ನನ್ನ ಹೆಂಡತಿ. "ಗುಳಿಗಿ ಅದಾವ, ಊಟ ಇಲ್ಲ."

ಹೀಗಾಗಿ ಹೋಟೆಲಿಗೆ ಹೋಗಬೇಕಾಯಿತು. ಹೋಟೆಲೆಂದರೆ ಉಡುಪಿಯವರದು, ಉಡುಪಿಯವರೆಂದರೆ ಕನ್ನಡ. ಅನಾಹುತವನ್ನು ನಾನೇ ಕೈಹಿಡಿದು ಕರೆದುಕೊಂಡು ಹೋದ ಹಾಗಾಯಿತು. ಇಡ್ಲಿ ಬರುವ ಮೊದಲೇ ಕಾಕಾ ಗಲ್ಲೆಯ ಮೇಲೆ ಕೂತ ಮಾಲಕರ ಹತ್ತಿರವಿದ್ದ.

"ಯಾವೂರ್ರಿ ನಿಮ್ದು?"

"ಕುಂದಾಪುರ ಬದಿಯವ್ರು ಮಾರಾಯ್ರೆ. ನೀವು ಹುಬ್ಳಿ ಕಡೆಯಾ?"

ಇಲ್ಲಿಗೆ ಇಬ್ಬರೂ ಸುಲಭದ ಕನ್ನಡ ಮುಗಿಸಿದರು. ಮುಂದೆ ಇವನ ಬಿಜಾಪುರದ್ದು ಅವರಿಗೆ ತಿಳಿಯದು, ಅವರ ಕುಂದಾಪುರದ್ದು ಇವನಿಗೆ ಹತ್ತದು. ಸ್ವಲ್ಪ ಹೊತ್ತು ತಲೆಯಾಡಿಸಿ ನೋಡಿ, ಕೊನೆಗೆ ಇಬ್ಬರೂ ಮರಾಠಿಗೆ ಇಳಿದರು. ಕನ್ನಡದಂಥ ಭಾಷೆ ಲೋಕದಲ್ಲಿಲ್ಲ ಎಂದು ನಾಲ್ಕು ತಾಸು ಮರಾಠಿಯಲ್ಲಿ ಕೊಂಡಾಡಿದರು. ನನಗೆ ಸಿಟ್ಟು ಬರುವಷ್ಟೂ ಶಕ್ತಿ ಉಳಿದಿರಲಿಲ್ಲ. ನಾಲ್ಕನೆಯ ಚಹಾ ಮುಂದಿಟ್ಟುಕೊಂಡು ಗಡಿಯಾರ ನೋಡುತ್ತಿದ್ದೆ. ಕಾಕು ಮಾತ್ರ ಪೆಟ್ಟಿಗೆಯಿಂದ ತೆಗೆದು ಉಟ್ಟ ಸೀರೆಯ ನಿರಿಗೆ ಸರಿಮಾಡಿಕೊಳ್ಳುತ್ತ ಬಾಗಿಲ ಕಡೆ ನೋಡುತ್ತಿದ್ದಳು. ಬಾಗಿಲಾಚೆ ಕಾಣುತ್ತಿದ್ದುದು ಚಿಕ್ಕಿ ಅಂಗಡಿ.

ಅಂತೂ ಟಾಂಗಾ ಹಿಡಿದೆವು. ಕೆರೆಯ ಒಡ್ಡಿನ ರಸ್ತೆ ದುರಸ್ತಿಯಲ್ಲಿದ್ದುದರಿಂದ ಟಾಂಗಾದವನು ಕೆಳಗೇ ಇಳಿಸಿದ. ಬಿಸಿಲು ಹಳದಿಯಾಗಿತ್ತು. ಲೋಕಲ್ಲಿಗೆ ಇನ್ನೊಂದು ತಾಸು ಮಾತ್ರ. ಎರಡೂ ಚೀಟಿಗಳಲ್ಲಿ ನೋಡಿಕೊಂಡೆ. ಏರು ಹತ್ತತೊಡಗಿದೆವು. ಮೇಲೆ ತಲುಪಿದರೆ ಕೆರೆ. ಅರ್ಧ ಹತ್ತಿದ್ದೆವು, ಅಷ್ಟರಲ್ಲಿ ರಸ್ತೆಬದಿಯ ಜಲ್ಲಿ ರಾಶಿಯ ಹಿಂದಿನಿಂದ ಒಂದು ಹೆಣ್ಣುದನಿ:

"ಏ ಭೀಮವ್ವಾ, ನೀರ ತುಂಬಿದೇನ ಇಲ್ಲೋ?"

ಕಾಕಾನ ಕಾಲು ನಿಂತವು.

ಮುಗಿಯಿತು, ಅಂದುಕೊಂಡೆ. ಕಲ್ಲು ಒಡೆಯುವವರ ಆರೇಳು ಗುಡಿಸಲು. ಒಂದೊಂದಕ್ಕೆ ಎರಡು ತಾಸು ಹಿಡಿದರೂ ನಾಳೆ ಬೆಳಗಾಗುತ್ತದೆ. ಗುಡಿಸಲ ಮುಂದಿದ್ದ ಒಬ್ಬ ಮುದುಕ ಎದ್ದು ಬಂದ. ಕಾಕಾನನ್ನು ಮೇಲಿಂದ ಕೆಳಗೆ ನೋಡಿ ಮುಖ ಅರಳಿಸಿದ. ಇಷ್ಟು ವರ್ಷ ಕಾಕಾ ಊರವರನ್ನೆಲ್ಲ ಕೇಳಿದ್ದನ್ನು ಮೊದಲ ಸಲ, ಅವನು ಕೇಳುವ ಮುಂಚೆಯೇ, ಕಾಕಾನಿಗೇ ಯಾರೋ ಕೇಳಿದರು:

"ಯಾವೂರ್ರಿ ಯಜಮಾನ್ರ? ನಮ್ಮ ಕಡಿಯವ್ರು ಕಂಡಂಗ ಕಾಣ್ತೀರಿ."

ಕಾಕಾನ ಬಾಯಿ ತೆರೆಯಿತು. ಆಗ ಕಾಕು ಏನು ಮಾಡಿದಳೆಂದರೆ, ಯಾರೂ ಹೇಳದೆಯೇ, ರಸ್ತೆಬದಿಗೆ ಸರಿದು, ಒಂದು ಕಲ್ಲನ್ನು ಸೆರಗಿನಿಂದ ಝಾಡಿಸಿ, ಕೈಚೀಲ ಕೆಳಗಿಟ್ಟು ಕೂತಳು. ಸಿಟ್ಟಿನಿಂದಲ್ಲ. ಬಸ್ಸು ತಡ ಎಂದು ಗೊತ್ತಾದಾಗ ನಾವು ನೀವು ಕೂರುವುದಿಲ್ಲವೇ, ಹಾಗೆ.

ಕಾಕಾ ಅದನ್ನು ನೋಡಿದ. ತೆರೆದ ಬಾಯಿ ಹಾಗೇ ಇತ್ತು. ಆಮೇಲೆ ಮುದುಕನ ಕಡೆ ತಿರುಗಿ ಅಂದ:

"ಮಲಾ ಕಾನಡೀ ಕಳತ ನಾಹೀ, ಬಾಬಾ."

ನನಗೆ ಕನ್ನಡ ತಿಳಿಯುವುದಿಲ್ಲ! ನನ್ನ ಹೆಂಡತಿ ನನ್ನನ್ನು ನೋಡಿದಳು. ನಾನು ಛತ್ರಿಯನ್ನು ನೋಡಿದೆ. ಮುದುಕ ಪೆಚ್ಚಾಗಿ "ಬರೋಬರ್, ಬರೋಬರ್" ಎಂದು ಹಿಂದೆ ಸರಿದ. ಕಾಕಾ ಕಾಕುವಿನ ಚೀಲ ಎತ್ತಿಕೊಂಡು, ಕೈ ಹಿಡಿದು ಎಬ್ಬಿಸಿ, ಹಿಂದೆ ನೋಡದೆ ಏರು ಹತ್ತಿಸಿದ.

ಕೆರೆ ಇತ್ತು. ಸುತ್ತ ಗುಡ್ಡವಿತ್ತು. ಮೋಡವೂ ಒಂದಿಷ್ಟು ಇಳಿದಿತ್ತು. ಕಾಕು ಒಡ್ಡಿನ ಗೋಡೆಯ ಮೇಲೆ ಕೈಯಿಟ್ಟುಕೊಂಡು ಬಹಳ ಹೊತ್ತು ನಿಂತಳು. ಚಂದವಿದೆ ಎನ್ನಲಿಲ್ಲ, ಇಷ್ಟೇ ಏನು ಎಂದೂ ಅನ್ನಲಿಲ್ಲ. ಕೊನೆಗೆ ಮೆಲ್ಲಗೆ ಹೇಳಿದಳು:

"ರೀ, ಆ ಮುದುಕಪ್ಪ ಪಾಪ, ಇನ್ನೂ ಇತ್ತಾಗ ನೋಡಕೋತ ನಿಂತಾನ. ಹೋಗಿ ಮಾತಾಡಿಸಿ ಬರ್ರಿ. ನಾ ಇಲ್ಲೇ ನೋಡಕೋತ ಇರ್ತೀನಿ."

ಕಾಕಾ ನೀರಿನಿಂದ ಕಣ್ಣು ತೆಗೆಯಲಿಲ್ಲ.

"ಇರ್ಲಿ ಬಿಡು. ಇವತ್ತೊಂದ ದಿನ ನಾ ಕನ್ನಡದಾವ ಅಲ್ಲ."

ಹೇಳಿದ್ದು ಅಪ್ಪಟ ಬಿಜಾಪುರದ ಕನ್ನಡದಲ್ಲೇ. ಆದರೆ ಕೆಳಗೆ ನಿಂತಿದ್ದ ಮುದುಕನಿಗೆ ಕೇಳಿಸದಷ್ಟು ಸಣ್ಣ ದನಿಯಲ್ಲಿ.