ಕಂಬ ಕೀಳುವ ಅಳಿಯ

ನೆಲದೊಳಗೆ ಕೆಲಸ ಮಾಡುವವನಿಗೆ ಅಪಾಯವೆಲ್ಲ ಕಾದಿರುವುದು ನೆಲದ ಮೇಲೆಯೇ. ನನ್ನ ಊರು ಕೊತ್ತತ್ತಿ, ಕೆಲಸ ದೂರದ ಚಿನ್ನದ ಗಣಿಯಲ್ಲಿ.

ಹೆಣ್ಣು ನೋಡಿದ್ದು

ಮದ್ದೂರಿಗೆ ಹೋಗಿದ್ದೆವು. ಹುಡುಗಿ ನೋಡಿದೊಡನೆ ಹಿಡಿಸಿಬಿಟ್ಟಳು. ಅದಕ್ಕೇ ಅವಳಪ್ಪ ಕೆಲಸದ ವಿಚಾರ ಎತ್ತಿದಾಗ ಏನನ್ನೂ ಮುಚ್ಚಿಡದೆ ಹೇಳಿದೆ.

"ಮೇಲಿನ ಬಂಡೆ ಬೀಳದಿರಲಿ ಅಂತ ಅದಿರಿನ ಕಂಬ ಬಿಟ್ಟಿರ್ತೀವಿ. ಸುತ್ತ ಅಗೆದ ಜಾಗಕ್ಕೆ ಮರಳು-ಸಿಮೆಂಟು ತುಂಬಿ, ಆಮೇಲೆ ಆ ಕಂಬಾನೂ ತೆಗೀತೀವಿ."

"ಆಗ ಮ್ಯಾಲಿಂದು?"

"ತುಂಬಿದ್ದು ಹಿಡ್ಕೊಂಡಿರುತ್ತೆ."

"ಅದರ್ ಕೆಳಗೆ ಯಾರಿರ್ತಾರೆ?"

"ನಾನು."

ಅವರು ಕುರ್ಚಿ ಎತ್ತಿಕೊಂಡು ಬಂದು, ನನಗೂ ಪಡಸಾಲೆಯ ಕಂಬಕ್ಕೂ ನಡುವೆ ಕೂತರು.

ಫೋನು

ಆಗಲಿ ಅನ್ನಲೂ ಇಲ್ಲ, ಬೇಡ ಅನ್ನಲೂ ಇಲ್ಲ. ನಾನು ಗಣಿಗೆ ಮರಳಿದ ಮೇಲೆ ದಿನಾ ಸಂಜೆ ಅವರ ಫೋನು.

"ಕಂಬ ಕಿತ್ರಾ?"

"ಇಲ್ಲ. ತುಂಬಿದ್ದು ಗಟ್ಟಿಯಾಗ್ಬೇಕು, ಪರೀಕ್ಷೆ ಆಗ್ಬೇಕು. ಅಲ್ಲೀವರ್ಗೂ ಕಾಯೋದೇ."

ಮೂರು ವಾರ ಇದೇ ಉತ್ತರ. ಇವತ್ತು ಸಂಬಂಧ ಬೇಡ ಅಂದೇಬಿಡುತ್ತಾರೆ ಎಂದು ಪ್ರತಿ ಸಲವೂ ಅಂದುಕೊಳ್ಳುತ್ತಿದ್ದೆ. ಕೊನೆಗೊಂದು ದಿನ ಕೇಳಿದರು: "ಅಲ್ಲಾ ಕಣಪ್ಪ, ನಿಂಗೆ ನಿಜ್ವಾಗ್ಲೂ ಕೆಲ್ಸ ಐತಾ?"

ಆಲೆಮನೆ

"ನೀ ಮಾಡೋ ಕೆಲ್ಸ ಮಾಡಿ ತೋರ್ಸು. ಆಮ್ಯಾಕೆ ಲಗ್ನದ ಮಾತು" ಎಂದರು. ಮಳವಳ್ಳಿ ಹತ್ತಿರ ಬೆಲ್ಲ ತೆಗೆಯುವ ನನ್ನ ಸೋದರಮಾವನಿಗೆ ಆಲೆಮನೆ ಅಂಗಳದಲ್ಲೇ ಕಟ್ಟಿಡಲು ಹೇಳಿದೆ: ಮೊಣಕಾಲೆತ್ತರಕ್ಕೆ ಎರಡು ಇಟ್ಟಿಗೆ ಕಂಬ, ನಡುವೆ ಮರಳು-ಸಿಮೆಂಟು, ಮೇಲೊಂದು ಹಲಗೆ. ವಾರ ಬಿಟ್ಟು ನಾನೇ ಬಂದು ಇಟ್ಟಿಗೆ ತೆಗೆಯುತ್ತೇನೆ.

ರಜೆ ಹಾಕಿ ಹೋದರೆ, ಹುಡುಗಿಯ ಅಪ್ಪ ಆಗಲೇ ಬಂದು ನಿಂತಿದ್ದಾರೆ. ಕಂಬಗಳ ನಡುವೆ ಇರುವುದರ ಬಣ್ಣ ಮಾತ್ರ ಸಿಮೆಂಟಿನದಲ್ಲ.

"ಮಾವ, ಏನಿದು?"

"ಸಿಮೆಂಟು ತರಕ್ಕೆ ಯಾರ್ಲಾ ಓಯ್ತಾರೆ? ಬೆಳಿಗ್ಗೆ ಬೆಲ್ಲದ್ ಪಾಕಾನೇ ಉಯ್ದಿವ್ನಿ. ಆರುದ್ರೆ ಕಲ್ಲು ಕಣ್ಲಾ!"

ಒತ್ತಿ ನೋಡಿದೆ, ಬೆರಳು ಒಳಗೆ ಹೋಯಿತು.

"ಕಂಬ ಕೀಳ್ಬೇಡಿ, ಇನ್ನೂ ಗಟ್ಟಿಯಾಗಿಲ್ಲ" ಎಂದೆ. ಹುಡುಗಿಯ ಅಪ್ಪ ಒಂದು ಕಂಬ ಕಿತ್ತರು. "ಬೇಡಿ" ಎಂದೆ. ಇನ್ನೊಂದನ್ನೂ ಕಿತ್ತರು. "ದಮ್ಮಯ್ಯ, ಬೇಡಿ" ಅನ್ನುವಷ್ಟರಲ್ಲಿ ಹಲಗೆ ಹತ್ತಿ ನಿಂತರು.

ಹಲಗೆ ನಿಧಾನಕ್ಕೆ ವಾಲಿತು. ಹಿರಿಯರು ಬೆಚ್ಚಗಿನ ಬೆಲ್ಲದೊಳಗೆ ಕೂತರು. ಪಂಚೆ ಅಂಟಿಕೊಂಡು ಏಳಲೂ ಆಗದು. ಮದುವೆ ಮುರಿಯಿತು ಎಂದುಕೊಂಡೆ, ಅಳುವೇ ಬಂತು.

ಅವರು ಅಂಗೈಗೆ ಮೆತ್ತಿದ ಬೆಲ್ಲವನ್ನು ನೆಕ್ಕಿ ನೋಡಿ ಹೇಳಿದರು:

"ಮೂರ್ ಸಲ ಬ್ಯಾಡ ಅಂದ, ನಾನೇ ಕೇಳ್ನಿಲ್ಲ. ಈ ಅಳಿಯ ಸಾಯಾಕಿಲ್ಲ ಬುಡಿ. ಸತ್ರೆ ಮಾವನೇ ಮೊದ್ಲು!"