ಆದೆಪ್ಪನ ಮೂರನೇ ಮಿಷಿನ್

ಗಂಗಾವತಿಯ ಗೌಸಬೀ ಸುಮ್ಮನಿದ್ದಿದ್ದರೆ ಆದೆಪ್ಪನ ಪಾಡು ಅಷ್ಟು ಹದಗೆಡುತ್ತಿರಲಿಲ್ಲ. ಆಕೆ ಸುಮ್ಮನಿರದೆ, ಕೊಪ್ಪಳಕ್ಕೆ ಬರುವ ಬಸ್ಸಿನ ಡ್ರೈವರನ ಕೂಡ ಹೇಳಿ ಕಳಿಸಿದಳು: “ನಿನ್ನ ಡಬ್ಬಿ ಅಂಗಳದಾಗ ತಂದು ಇಟ್ಟೀನಿ. ನಾಳಿ ಬಂದು ಒಯ್ದರ ಒಯ್ಯಿ. ಇಲ್ಲಾಂದ್ರ ಗುಜರಿಯವಗ ಹಾಕಿಬಿಡ್ತೀನಿ.”

ಆಕೆಗೆ ಅದು ಡಬ್ಬಿ. ಆದೆಪ್ಪನಿಗೆ ವ್ಯಾಕ್ಯೂಮ್ ಕ್ಲೀನರ್. ಅದೂ ಮನೆಯಲ್ಲಿ ಒಂದು ಕೈಯಲ್ಲಿ ಹಿಡಿದು ಓಡಾಡುವ ಚಿಕ್ಕದಲ್ಲ. ಕ್ಲಬ್ಬು, ಬಂಗಲೆ, ಥೇಟರುಗಳ ದೊಡ್ಡ ದೊಡ್ಡ ಜಮಖಾನೆಗಳ ಧೂಳು ಹೀರಲೆಂದೇ ಮಾಡಿದ್ದು. ತೊಡೆಯೆತ್ತರದ ಉಕ್ಕಿನ ಪೀಪಾಯಿ, ತಲೆಯ ಮೇಲೆ ಮೋಟರು, ಹೊಟ್ಟೆಯಿಂದ ಹೊರಟ ದಪ್ಪ ಕೊಳವೆ. ಗೌಸಬೀಯ ಗಂಡ ಮುಚ್ಚಿಹೋದ ಒಂದು ಕ್ಲಬ್ಬಿನಲ್ಲಿ ಕಾವಲುಗಾರನಾಗಿದ್ದ. ಕ್ಲಬ್ಬಿನವರು ಊರು ಬಿಡುವಾಗ ಅದನ್ನು ಅವನಿಗೇ ಕೊಟ್ಟು ಹೋಗಿದ್ದರು. ಆದೆಪ್ಪ ಅದರ ಮೇಲೆ ಕಣ್ಣಿಟ್ಟು, ಕೊಡು ಎಂದು ಆಕೆಯನ್ನು ಕೇಳುತ್ತ ವರ್ಷಗಳಾಗಿದ್ದವು.

ಈ ಹುಚ್ಚು ಅವನಿಗೆ ಹತ್ತಿದ್ದು ಡ್ಯಾಮು ಕಟ್ಟುವ ಕಾಲದಲ್ಲಿ. ಅವನ ಅಪ್ಪ ಮುನಿರಾಬಾದಿನ ಒಂದು ಬಂಗಲೆಯಲ್ಲಿ ಕಸ ಹೊಡೆಯುತ್ತಿದ್ದ. ಒಂದು ದಿನ ದೊಡ್ಡ ಎಂಜಿನಿಯರ್ ಸಾಹೇಬರು ಇಂಥದೊಂದು ಮಿಷಿನ್ ತರಿಸಿ ಗುಂಡಿ ಒತ್ತಿದರು. ಅದು ಗುಂಯ್ ಎಂದು ಅಬ್ಬರಿಸಿ ಜಮಖಾನೆಯ ಧೂಳನ್ನೆಲ್ಲ ನುಂಗಿತು. ಬಾಗಿ ಬಾಗಿ ನಡು ಬಿದ್ದುಹೋಗಿದ್ದ ಅಪ್ಪ ಅವತ್ತು ನೆಟ್ಟಗೆ ನಿಂತು ನಕ್ಕಿದ್ದ. ಅಪ್ಪ ಹಾಗೆ ನಕ್ಕಿದ್ದನ್ನು ಆದೆಪ್ಪ ಮತ್ತೆ ನೋಡಲಿಲ್ಲ. ಮುಂದೆ ಕೊಪ್ಪಳದಲ್ಲಿ ಗುಮಾಸ್ತನಾಗಿ, ಮದುವೆಯಾಗಿ, ಮೂರು ಮಕ್ಕಳ ತಂದೆಯಾದರೂ ಎಲ್ಲಾದರೂ ಅಂಥ ಮಿಷಿನ್ ಕಂಡರೆ ಅವನ ಜೀವ ಅಲ್ಲೇ ಸುಳಿದಾಡುತ್ತಿತ್ತು.

ಮನೆಯಲ್ಲಿ ಆಗಲೇ ಎರಡಿದ್ದವು. ಒಂದು ಬಾಗಿಲು ಮುಚ್ಚಿದ ಥೇಟರಿನದು, ಇನ್ನೊಂದು ಹೊಸಪೇಟೆಯ ಲಾಡ್ಜಿನದು. ಮೊದಲನೆಯದನ್ನು ಅವನು ಮನೆಯಲ್ಲಿ ಒಮ್ಮೆ ಮಾತ್ರ ಚಾಲೂ ಮಾಡಿದ್ದ. ಓಣಿಯ ದೀಪಗಳೆಲ್ಲ ಮಂಕಾದವು. ಜಮಖಾನೆ ಇಲ್ಲದ ಮನೆಯಲ್ಲಿ ಮಿಷಿನ್ ತಾನೇ ಏನು ಮಾಡೀತು? ಅವನ ಹೆಂಡತಿ ಹುಲಗೆಮ್ಮ ಬೆಳಿಗ್ಗೆಯಷ್ಟೇ ಸೆಗಣಿ ಹಾಕಿ ಸಾರಿಸಿದ್ದ ನೆಲವನ್ನೇ ಹಕ್ಕಳೆ ಹಕ್ಕಳೆಯಾಗಿ ಎಬ್ಬಿಸಿ ನುಂಗಿಬಿಟ್ಟಿತು. ಎರಡನೆಯದು ಬಂದ ದಿನ ಹುಲಗೆಮ್ಮ ಹೊಸ್ತಿಲಲ್ಲೇ ನಿಂತು ತೀರ್ಪು ಕೊಟ್ಟಿದ್ದಳು.

“ಇನ್ನೊಂದು ಇಂಥಾದ್ದು ಈ ಮನಿ ಒಳಗ ಬಂತಂದ್ರ, ನಾನು ಹುಡುಗರನ್ನ ಕಟ್ಟಿಗೊಂಡು ಅಳವಂಡಿಗೆ ನಮ್ಮವ್ವನ ಮನಿಗೆ ಹೋಗ್ತೀನಿ. ಆಮ್ಯಾಲ ನೀವೂ ನಿಮ್ಮ ಡಬ್ಬಿಗೋಳೂ ಕೂಡಿ ಸಂಸಾರ ಮಾಡ್ರಿ.”

ಹುಲಗೆಮ್ಮ ಆಡಿದ್ದನ್ನು ಮಾಡುವ ಪೈಕಿ. ಆಕೆಯಿಲ್ಲದ ಮನೆಯಲ್ಲಿ ಆದೆಪ್ಪನಿಗೆ ಒಂದು ಕಪ್ ಚಹಾ ಕೂಡ ಹುಟ್ಟುತ್ತಿರಲಿಲ್ಲ. ಅದಿರಲಿ, ಆಕೆಯನ್ನು ಬಿಟ್ಟಿರುವುದು ಅವನಿಂದ ಆಗುತ್ತಲೇ ಇರಲಿಲ್ಲ. ಆದರೆ ಮಿಷಿನನ್ನು ಗುಜರಿಯವನ ಸುತ್ತಿಗೆಗೆ ಬಿಡುವುದೂ ಅವನಿಂದ ಆಗುತ್ತಿರಲಿಲ್ಲ. ರಾತ್ರಿಯೆಲ್ಲ ಹೊರಳಾಡಿ, ಬೆಳಿಗ್ಗೆ ಎದ್ದು, “ಆಫೀಸ್ ಕೆಲಸದ ಮ್ಯಾಲ ಗಂಗಾವತಿಗೆ ಹೋಗಿ ಬರ್ತೀನಿ” ಎಂದು ಸುಳ್ಳು ಹೇಳಿ ಬಸ್ಸು ಹತ್ತಿದ. ಮಿಷಿನ್ ತಂದು ಆಫೀಸಿನ ಹಳೆ ಸಾಮಾನಿನ ಕೋಣೆಯಲ್ಲಿ ಮುಚ್ಚಿಡುವುದು ಅವನ ಲೆಕ್ಕಾಚಾರ.

ಗೌಸಬೀಯ ಅಂಗಳದಲ್ಲಿ ಮಿಷಿನ್ ಬಿಸಿಲಿಗೆ ಥಳಥಳ ಹೊಳೆಯುತ್ತಿತ್ತು.

“ಒಳಗ ಮೆಣಸಿನಕಾಯಿ ತುಂಬಿಟ್ಟಿದ್ನೆಪಾ. ಇಲಿ ಮುಟ್ಟಂಗಿಲ್ಲ ನೋಡು, ಭಾಳ ಛಲೋ ಡಬ್ಬಿ,” ಎಂದಳು ಗೌಸಬೀ. “ಈಗ ಖಾಲಿ ಮಾಡೀನಿ, ತಗೊಂಡು ಹೋಗು ಬೇಟಾ.”

ಆದೆಪ್ಪನಿಗೆ ಪ್ರೀತಿ ಉಕ್ಕಿ ಬಂತು. ಕೊಳವೆ ಎಲ್ಲಾದರೂ ಕಟ್ಟಿಕೊಂಡಿದೆಯೋ ನೋಡೋಣವೆಂದು, ಮೋಟರಿದ್ದ ಮುಚ್ಚಳ ತೆಗೆದು, ಪೀಪಾಯಿಯ ಬಾಯೊಳಗೆ ಮುಖ ಇಟ್ಟುಕೊಂಡೇ ಕೊಳವೆಯನ್ನು ಬಾಯಿಗಿಟ್ಟು ಊದಿದ. ತಳದಲ್ಲಿ ಉಳಿದಿದ್ದ ಖಾರದ ಪುಡಿಯೆಲ್ಲ ಎದ್ದು ಅವನ ಕಣ್ಣಿಗೇ ಬಂತು. ಗೌಸಬೀ ಕೊಡಗಟ್ಟಲೆ ನೀರು ಹಾಕಿ ತೊಳೆಸಿದರೂ ಕಣ್ಣು ಕೆಂಡದ ಹಾಗೆ ಕೆಂಪಾಗಿ, ನೀರು ಸುರಿಯುವುದು ನಿಲ್ಲಲಿಲ್ಲ.

ಕಂಡಕ್ಟರು ಮಿಷಿನನ್ನು ಬಸ್ಸಿನ ಟಾಪಿನ ಮೇಲೆ ಹಾಕೆಂದ. ಆದೆಪ್ಪ ಒಪ್ಪಲಿಲ್ಲ. ಸೀಟಿನಲ್ಲಿ ಕುಳಿತು, ಅದನ್ನು ಎರಡು ಕಾಲಿನ ನಡುವೆ ಇಟ್ಟು, ಕೂಸನ್ನು ತಬ್ಬಿದಂತೆ ತಬ್ಬಿಕೊಂಡ. ಅರ್ಧ ದಾರಿಯಲ್ಲಿ ಎಮ್ಮೆಯೊಂದು ಅಡ್ಡ ಬಂತು, ಡ್ರೈವರ್ ಬ್ರೇಕು ಒತ್ತಿದ, ಮಿಷಿನಿನ ಮೋಟರು ಆದೆಪ್ಪನಿಗೆ ಬಡಿಯಬಾರದ ಜಾಗಕ್ಕೆ ಬಡಿಯಿತು. ಕೊಪ್ಪಳದಲ್ಲಿ ಅವನು ಕುಂಟುತ್ತ ಇಳಿದ.

ಆಫೀಸಿನ ಆ ಕೋಣೆಗೆ ಬೀಗ ಬಿದ್ದಿತ್ತು. ಬೀಗದ ಕೈ ಇದ್ದ ಪ್ಯೂನು ಮದುವೆಗೆಂದು ಕುಷ್ಟಗಿಗೆ ಹೋಗಿದ್ದ. ಇನ್ನೇನು, ಮನೆಯ ಹಿತ್ತಲಿನ ಸೆಗಣಿ ಕುಳ್ಳಿನ ಗೂಡಿನಲ್ಲಿ ಬಚ್ಚಿಡೋಣವೆಂದುಕೊಂಡು ಆದೆಪ್ಪ ಮಿಷಿನ್ ಹೊತ್ತು, ಹತ್ತಿರದ ದಾರಿಯೆಂದು ಶಾಲೆಯ ಅಂಗಳ ಹಾಯ್ದು ಹೊರಬಂದ. ಅಲ್ಲೇ ಅವನ ಲೆಕ್ಕ ತಪ್ಪಿದ್ದು.

ಆ ವರ್ಷ ಎಲ್ಲಿ ನೋಡಿದರೂ ಆಪರೇಷನ್ನಿನದೇ ಮಾತು. ಮಕ್ಕಳು ಸಾಕು ಎಂದು ಗಂಡಸರಿಗೆ ಮಾಡುವ ಆಪರೇಷನ್. ಅದರ ಕ್ಯಾಂಪು ಆ ಶಾಲೆಯಲ್ಲೇ ನಡೆದಿತ್ತು. ಮಾಡಿಸಿಕೊಂಡವರಿಗೆ ಸರಕಾರದಿಂದ ರೇಡಿಯೋ ಕೊಡುತ್ತಾರೆಂದು ಸುದ್ದಿ. ಊರಿನ ಗಂಡಸರು ಆ ಗೇಟಿನ ಮುಂದೆ ಹಾಯುವಾಗ ಸೈಕಲ್ಲನ್ನು ಜೋರಾಗಿ ತುಳಿಯುತ್ತಿದ್ದರು. ಅಂಥ ಗೇಟಿನಿಂದ ಆದೆಪ್ಪ ಹೊರಬಂದ. ಕಣ್ಣು ಕೆಂಪು, ಕೆನ್ನೆಯ ಮೇಲೆ ನೀರು, ಕಾಲು ಅಗಲಿಸಿಕೊಂಡು ಒಂದೊಂದೇ ಹೆಜ್ಜೆ. ಎದುರಿಗೆ ಪಾನಬೀಡಾ ಅಂಗಡಿಯಲ್ಲಿ ಪಕ್ಕದ ಮನೆಯ ಪಕೀರಪ್ಪ ನಿಂತಿದ್ದ.

“ಆದೆಪ್ಪಣ್ಣ! ಏನಾತೋ? ನಡಿಗಿ ಯಾಕ ಹಂಗ?”

“ಏನಿಲ್ಲ ಬಿಡಪಾ. ಆಗಬಾರದ ಕಡೆ ಆಗೇತಿ.”

“ಮತ್ತ ಇದು?”

“ಸುಮ್ನ ಕೊಟ್ರು, ತಗೊಂಡು ಬಂದೆ. ಪಕೀರಪ್ಪ, ನಿನ್ನ ಕೈ ಮುಗೀತೀನಿ, ನಮ್ಮ ಮನ್ಯಾಗ ಮಾತ್ರ ಹೇಳಬ್ಯಾಡ.”

ಪಕೀರಪ್ಪ ಶಾಲೆಯನ್ನು ನೋಡಿದ, ಆದೆಪ್ಪನ ಕಾಲುಗಳನ್ನು ನೋಡಿದ, ಮಿಷಿನನ್ನು ನೋಡಿದ. “ಹೇಳಂಗಿಲ್ಲ ಬಿಡಣ್ಣ, ನಾ ಅಂಥವಲ್ಲ,” ಎಂದು ಸೈಕಲ್ ಹತ್ತಿ, ಆದೆಪ್ಪನಿಗಿಂತ ಮುಂಚೆ ಓಣಿ ಮುಟ್ಟಿದ.

ಆದೆಪ್ಪ ಬರುವಷ್ಟರಲ್ಲಿ ಮನೆಯ ಮುಂದೆ ಅರ್ಧ ಓಣಿ ನೆರೆದಿತ್ತು. ಹಿತ್ತಲಿಗೆ ಹೋಗುವ ಸಂದಿಯಲ್ಲೂ ಮಂದಿ. ಹೊಸ್ತಿಲಲ್ಲಿ ಹುಲಗೆಮ್ಮ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ ನಿಂತಿದ್ದಳು. ಎಲ್ಲ ಮುಗಿಯಿತು, ಇನ್ನು ಅಳವಂಡಿ ಬಸ್ಸೇ ಗತಿ ಎಂದುಕೊಂಡ ಆದೆಪ್ಪ ಮಿಷಿನನ್ನು ಕೆಳಗಿಟ್ಟ.

“ತಪ್ಪಾತು,” ಎಂದ. “ನಿನಗ ಹೇಳದ ಹೋದೆ.”

“ಒಂದು ಮಾತು ಹೇಳಬಾರದೇನ್ರಿ?” ಎಂದಳು ಹುಲಗೆಮ್ಮ. “ನಾನೇನು ಬ್ಯಾಡ ಅಂತಿದ್ನೇನು? ನಾನ ಮಾಡಿಸ್ಕೋಬೇಕು ಅಂತ ಮನಸಿನ್ಯಾಗ ಅಂದ್ಕೊಂಡಿದ್ದೆ. ನನಗ ನೋವಾಗಬಾರದಂತ ನೀವ ಹೋಗಿ ಮಾಡಿಸ್ಕೊಂಡು ಬಂದ್ರೆಲ್ಲ!”

ಆದೆಪ್ಪ ಏನೂ ತಿಳಿಯದೆ ಮಿಷಿನನ್ನೊಮ್ಮೆ, ಹೆಂಡತಿಯನ್ನೊಮ್ಮೆ ನೋಡಿದ.

“ನಿಂದ್ರಬ್ಯಾಡಪಾ, ಮಲಕ್ಕೋ,” ಎಂದಳು ಎದುರು ಮನೆಯ ಮುದುಕಿ ಸಣ್ಣವ್ವ. “ಅದನ್ನ ಮಾಡಿಸ್ಕೊಂಡವರು ಭಾರ ಎತ್ತಬಾರದಂತ. ಅಲ್ಲಾ, ರೇಡಿಯೋ ಕೊಡ್ತಾರ ಅಂದಿದ್ರು. ಇದೇನಿದು ಹಂಡೇದಂಥಾದ್ದು?”

“ರೇಡಿಯೋ ಎರಡು ಮಕ್ಕಳು ಇದ್ದವರಿಗೆ,” ಎಂದ ಪಕೀರಪ್ಪ, ಎಲ್ಲ ತಿಳಿದವನ ಹಾಗೆ. “ಮೂರು ಇದ್ದವರಿಗೆ ಇದು.”

ಆಗ ಆದೆಪ್ಪನಿಗೆ ವಿಷಯ ತಲೆಗೆ ಹೋಯಿತು. ನಿಜ ಹೇಳಿಬಿಡಬೇಕೆಂದು ಉಸಿರೆಳೆದುಕೊಂಡ. ಅಷ್ಟರಲ್ಲಿ ಹುಲಗೆಮ್ಮ ತಾನೇ ಮಿಷಿನನ್ನು ಎರಡೂ ಕೈಯಿಂದ ಎತ್ತಿ, ಹೊಸ್ತಿಲು ದಾಟಿಸಿ, ದೇವರ ಜಗಲಿಯ ಪಕ್ಕ ಇಟ್ಟು, ಸೆರಗಿನಿಂದ ಅದರ ಧೂಳು ಒರೆಸಿದಳು. ಆದೆಪ್ಪ ಎಳೆದುಕೊಂಡ ಉಸಿರನ್ನು ಮೆಲ್ಲಗೆ ಬಿಟ್ಟು, ನಡು ಹಿಡಿದುಕೊಂಡು ನರಳಿದ.

ಅಲ್ಲಿಂದ ಮುಂದೆ ಅವನ ಸುಖ ಕೇಳಬೇಡಿ. ದಪ್ಪ ಹಾಸಿಗೆ, ತಲೆಗೆ ಎರಡು ದಿಂಬು, ಬಿಸಿ ಹಾಲು, ತುಪ್ಪ ಸುರಿದ ಶಾವಿಗೆ. ಹುಲಗೆಮ್ಮ ಪಕ್ಕದಲ್ಲೇ ಕುಳಿತು ಗಾಳಿ ಬೀಸಿದಳು. ಮದುವೆಯಾದ ಮೇಲೆ ಆಕೆ ಹಾಗೆ ಪ್ರೀತಿಯಿಂದ ನೋಡಿದ್ದು ಅವನಿಗೆ ನೆನಪಿರಲಿಲ್ಲ. ಸುಳ್ಳು ಒಳಗೊಳಗೇ ಚುಚ್ಚಿತು. ಆದರೆ ಶಾವಿಗೆ ಭಾಳ ರುಚಿಯಾಗಿತ್ತು. ನಾಳೆ ಹೇಳಿದರಾಯಿತೆಂದು ಇನ್ನೊಂದು ಬಟ್ಟಲು ಹಾಕಿಸಿಕೊಂಡ.

ಹೆಂಗಸರೆಲ್ಲ ಬಂದು ಮಿಷಿನನ್ನು ಮುಟ್ಟಿ ನೋಡಿದರು. ಆಮೇಲೆ ತಮ್ಮ ತಮ್ಮ ಗಂಡಂದಿರನ್ನು ನೋಡಿದರು. ಪಕೀರಪ್ಪನ ಹೆಂಡತಿ ದುರಗಮ್ಮ ಬೆರಳು ಮಡಚಿ ಎಣಿಸಿದಳು.

“ಮೂರು ಮಕ್ಕಳಿಗೆ ಇಷ್ಟು ದೊಡ್ಡದು. ನಮ್ಮವು ಐದು ಅದಾವು. ಅಂದ್ರ ಇದಕ್ಕೂ ದೊಡ್ಡದು ಬರತೈತಿ. ಏಳ್ರಿ ಮ್ಯಾಲ.”

“ಏ, ನನಗ ಸಂತಿಗೆ ಹೋಗೂದೈತಿ…”

“ಸಂತಿ ಎಲ್ಲೂ ಓಡಿ ಹೋಗಂಗಿಲ್ಲ. ನಡ್ರಿ.”

ಪಕೀರಪ್ಪ ಮುಂದೆ, ಅವನ ಹಿಂದೆ ಓಣಿಯ ಇನ್ನಷ್ಟು ಗಂಡಸರು, ಎಲ್ಲರ ಹಿಂದೆ ಅವರ ಹೆಂಡಂದಿರು. ಮೆರವಣಿಗೆ ಶಾಲೆಯ ಕಡೆ ಹೊರಟಿತು. ಆದೆಪ್ಪ ಮಲಗಿದಲ್ಲೇ ಅದನ್ನು ಕೇಳಿಸಿಕೊಂಡ. ಕೈಯಲ್ಲಿದ್ದ ಶಾವಿಗೆಯ ಬಟ್ಟಲನ್ನು ಕೆಳಗಿಟ್ಟ.

ಹೊತ್ತು ಮುಳುಗುವ ಹೊತ್ತಿಗೆ ಮನೆಯ ಮುಂದೆ ಜೀಪು ನಿಂತಿತು. ಕ್ಯಾಂಪಿನ ಡಾಕ್ಟರು ಇಳಿದರು. ದಾರಿ ತೋರಿಸಲು ಬಂದ ಪಕೀರಪ್ಪ ಹಿಂದಿನ ಸೀಟಿನಲ್ಲಿ ಮುಖ ಬಾಡಿಸಿಕೊಂಡು ಕುಳಿತಿದ್ದ. ಮೆರವಣಿಗೆಯೂ ವಾಪಸು ಬಂದಿತ್ತು.

“ಕ್ಷಮಿಸ್ರಿ ಅಮ್ಮಾರ,” ಎಂದರು ಡಾಕ್ಟರು. “ಇವರೆಲ್ಲ ಬಂದು ಹಂಡೇದಷ್ಟು ದೊಡ್ಡ ಮಿಷಿನ್ ಕೊಟ್ಟರ ಮಾತ್ರ ಆಪರೇಷನ್ ಅಂತ ಕುಂತಾರ. ನಾವು ಅಂಥಾದ್ದು ಯಾರಿಗೂ ಕೊಟ್ಟಿಲ್ಲರಿ. ಅದೇನು ಅಂತ ನೋಡಿಹೋಗೋಣಂತ ಬಂದೆ.”

“ಯಾಕ್ರಿ, ನಮ್ಮ ಮನಿಯವರಿಗೆ ನೀವ ಕೊಟ್ಟೀರೆಲ್ಲ,” ಎಂದು ಹುಲಗೆಮ್ಮ ಹಾಸಿಗೆಯ ಕಡೆ ಕೈ ಮಾಡಿದಳು.

ಡಾಕ್ಟರು ಕನ್ನಡಕ ಸರಿಮಾಡಿಕೊಂಡು ನೋಡಿದರು. “ಇವರನ್ನ ನಾನು ಈಗ ಮೊದಲ ಸಲ ನೋಡಾಕ ಹತ್ತೀನ್ರಿ.”

ಆದೆಪ್ಪ ಎದ್ದು ಕುಳಿತ. ಈಗ ಉಳಿದದ್ದು ಒಂದೇ ದಾರಿ. ಗಂಗಾವತಿ, ಮೆಣಸಿನಕಾಯಿ, ಎಮ್ಮೆ, ಶಾಲೆಯ ಅಂಗಳ, ಎಲ್ಲವನ್ನೂ ಹೇಳಿದ. ಆಮೇಲೆ ಹೆಂಡತಿಯ ಕಡೆ ತಿರುಗಿದ.

“ಗುಜರಿಯವ ಒಡದು ಹಾಕ್ತಿದ್ದ, ಹುಲಗಿ. ಮನಸು ತಡೀಲಿಲ್ಲ. ಇವನ್ನ ನೋಡಿದ್ರ ನಮ್ಮಪ್ಪ ನೆನಪಾಗ್ತಾನ. ಆಮ್ಯಾಲ ನೀ ಅಳವಂಡಿಗೆ ಹೋಗಿಬಿಟ್ರ ಹೆಂಗಪಾ ಅಂತ ಹೆದರಿ ಬಾಯಿ ಮುಚ್ಚಿದೆ. ನೀ ಹೋಗಬ್ಯಾಡ. ಬೇಕಾದ್ರ ಅದನ್ನ ಹೊರಗ ಹಾಕು.”

ಹುಲಗೆಮ್ಮ ಒಳಗೆ ಹೋದಳು. ಟ್ರಂಕಿನ ಮುಚ್ಚಳ ತೆರೆದ ಸದ್ದಾಯಿತು. ಸೀರೆ ತೆಗೆಯುತ್ತಿದ್ದಾಳೆ, ಹುಡುಗರ ಅಂಗಿ ತೆಗೆಯುತ್ತಿದ್ದಾಳೆ ಎಂದು ಆದೆಪ್ಪ ಕಣ್ಣು ಮುಚ್ಚಿಕೊಂಡ. ಮೆಣಸಿನಕಾಯಿ ಇಲ್ಲದೆಯೇ ಈಗ ಅವನ ಕಣ್ಣಲ್ಲಿ ನೀರು ಬಂದಿತ್ತು.

ಆಕೆ ಹೊರಬಂದಾಗ ಕೈಯಲ್ಲಿದ್ದದ್ದು ಆದೆಪ್ಪನ ಶಾಲು ಮತ್ತು ಒಂದು ಒಗೆದ ಧೋತರ. ಎರಡನ್ನೂ ಮಡಚಿ ಅವನ ತೊಡೆಯ ಮೇಲಿಟ್ಟಳು.

“ನಾ ಎಲ್ಲೂ ಹೋಗಂಗಿಲ್ಲ,” ಎಂದಳು. “ಡಬ್ಬೀನೂ ಹೊರಗ ಹೋಗಂಗಿಲ್ಲ, ಇರಲಿ.”

ಆದೆಪ್ಪನಿಗೆ ಹೋದ ಜೀವ ಬಂತು. “ಮತ್ತ ಈ ಶಾಲು ಯಾಕ?” ಎಂದ.

ಹುಲಗೆಮ್ಮ ಡಾಕ್ಟರ ಕಡೆ ತಿರುಗಿದಳು.

“ನೋಡ್ರಿ ಡಾಕ್ಟರ, ಕ್ಯಾಂಪಿಗೆ ಹೋಗಿ ಬಂದದ್ದಾತು, ಹಾಲು ಕುಡದದ್ದಾತು, ತುಪ್ಪ ತಿಂದದ್ದಾತು, ಮಲಗಿ ಗಾಳಿ ಬೀಸಿಸ್ಕೊಂಡದ್ದೂ ಆತು. ಹಿಂದಿಂದು ಮುಂದಿಂದು ಎಲ್ಲಾ ಮುಗದೈತಿ. ನಡುವಿಂದೊಂದ ಉಳದೈತಿ. ಅದನ್ನಷ್ಟು ಮಾಡಿ ಕಳಸ್ರಿ.”

“ಬಲವಂತ ಏನಿಲ್ಲರಿ,” ಎಂದರು ಡಾಕ್ಟರು. “ಯಜಮಾನ್ರ ಮನಸಿಗೆ ಬಂದರ ಅಷ್ಟ.”

ಆದೆಪ್ಪ ದೇವರ ಜಗಲಿಯ ಪಕ್ಕದ ಮಿಷಿನನ್ನು ನೋಡಿದ. ಆಮೇಲೆ ಹೆಂಡತಿಯ ಮುಖ ನೋಡಿದ. ಶಾಲು ಹೊದ್ದುಕೊಂಡು ಎದ್ದ. ಜೀಪಿನಲ್ಲಿ ಪಕೀರಪ್ಪ ಸರಿದು ಕುಳಿತು ಅವನಿಗೆ ಜಾಗ ಮಾಡಿಕೊಟ್ಟ.